ಅಂಗಾತ ಬಿದ್ದು ಗೆಲ್ಲುವ ವಿದ್ಯೆ

ಕೊಳ್ಳೇಗಾಲದ ಸೀಮೆಯಲ್ಲಿ ಹುಟ್ಟಿದವನಿಗೆ ಕುಸ್ತಿಯ ಕಾನೂನನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆನ್ನು ಮಣ್ಣಿಗೆ ತಾಗಿತೋ, ಚಿತ್! ದಸರಾದಲ್ಲಿ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗಕ್ಕೆ ನಮ್ಮ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ಬೋಳಿಸಿದ ತಲೆಯಿಂದ ಒಂದು ಹನಿ ರಕ್ತ ಬಂದರೆ ಆಟ ಮುಗಿದಂತೆ. ಇಂಥ ಜಿಲ್ಲೆಯವನು ನಾನು ಎಂಬ ಜಂಬದಿಂದಲೇ ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಕ್ಲಾಸಿಗೆ ಸೇರಿದೆ. ಹೊಟ್ಟೆ ಬೈಕಿನ ಟ್ಯಾಂಕಿಗೆ ತಾಗತೊಡಗಿತ್ತು ಎಂಬುದು ಒಳಗಿನ ಕಾರಣ.

ಮೇಷ್ಟ್ರು ಮೊದಲು ಹೇಳಿದ್ದೇ, "ಅಂಗಾತ ಮಲಗಿ." ಎದುರಾಳಿಯನ್ನು ಎರಡು ಕಾಲಿನ ನಡುವೆ ಸಿಕ್ಕಿಸಿಕೊಂಡು ಬೆನ್ನ ಮೇಲೆ ಬಿದ್ದಿರುವುದಕ್ಕೆ ಅಲ್ಲಿ ಗಾರ್ಡ್ ಎನ್ನುತ್ತಾರೆ. ಗರಡಿಮನೆಯಲ್ಲಿ ಮಾನ ಹೋಗುವ ಜಾಗದಿಂದಲೇ ಇವರ ಆಟ ಶುರು! 1914ರಲ್ಲಿ ಬ್ರೆಜಿಲಿಗೆ ಹೋದ ಜಪಾನಿನ ಮಯೇದಾ ಎಂಬ ಜೂಡೋಪಟುವಿನಿಂದ ಅಲ್ಲಿನ ಕಾರ್ಲೋಸ್ ಗ್ರೇಸಿ ಈ ವಿದ್ಯೆ ಕಲಿತ. ಅವನ ತಮ್ಮ ಹೀಲಿಯೋ ಸಣಕಲ, ಬಲ ಸಾಲದ್ದಕ್ಕೆ ಯುಕ್ತಿ ಬೆಳೆಸಿದ. ಹೊಟ್ಟೆಯೊಂದನ್ನು ಬಿಟ್ಟರೆ ನಾನೂ ಸಣಕಲನೇ. ಯುಕ್ತಿಯ ಮಾತು ಬೇರೆ.

ಗರಡಿಯಲ್ಲಿ ಲಂಗೋಟಿ ಬಿಟ್ಟರೆ ಹಿಡಿಯಲು ಬೇರೆ ಬಟ್ಟೆ ಸಿಗುವುದಿಲ್ಲ. ಇಲ್ಲಿ ದಪ್ಪ ಅಂಗಿ ತೊಡಿಸಿ, ಅದರ ಕಾಲರಿನಿಂದಲೇ ಕುತ್ತಿಗೆ ಹಿಸುಕುತ್ತಾರೆ. ರೇಷ್ಮೆ ಊರಿನ ನನಗೆ ಅಲ್ಲಿಯವರೆಗೆ ಬಟ್ಟೆಯಿಂದ ಉಸಿರು ಕಟ್ಟುತ್ತಿದ್ದುದು ಹೆಂಡತಿ ಸೀರೆಯ ಬಿಲ್ಲು ತೋರಿಸಿದಾಗ ಮಾತ್ರ. ನನಗೆ ಜೋಡಿಯಾದವಳು ಕಾಲೇಜು ಹುಡುಗಿ, ನನ್ನ ಅರ್ಧ ತೂಕ. ಎದೆಯ ಮೇಲೆ ಮೊಣಕಾಲಿಟ್ಟು, ಕಾಲರು ಬಿಗಿಮಾಡುತ್ತಲೇ ಕಾಳಜಿಯಿಂದ ಕೇಳಿದಳು: "ಅಂಕಲ್, ಉಸಿರಾಡ್ತಿದ್ದೀರಾ?" ಆಡುತ್ತಿದ್ದರೆ ಉತ್ತರ ಕೊಡುತ್ತಿದ್ದೆ.

ಆಮೇಲೆ ತೋಳು ತಿರುಚುವ ಕಿಮುರಾ ಪಟ್ಟು. 1951ರಲ್ಲಿ ರಿಯೊದಲ್ಲಿ ಜಪಾನಿನ ಕಿಮುರಾ ಇದೇ ಪಟ್ಟಿನಲ್ಲಿ ಹೀಲಿಯೋನ ತೋಳನ್ನು ಮುರಿಯುವಷ್ಟು ತಿರುಚಿದ. ಆದರೂ ಹೀಲಿಯೋ ಸೋಲೊಪ್ಪಿ ಕೈ ತಟ್ಟಲಿಲ್ಲ. ಅವನ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಸೋತೆ ಎನ್ನಲು ಎರಡು ಸಲ ತಟ್ಟಿದರೆ ಸಾಕು. ನಾನು ಅವಳು ಮಣಿಕಟ್ಟು ಹಿಡಿಯುವ ಮೊದಲೇ ತಟ್ಟಿದೆ. "ಇನ್ನೂ ಶುರು ಮಾಡಿಲ್ಲ ಅಂಕಲ್" ಎಂದಳು. ಪುಣ್ಯಾತ್ಗಿತ್ತಿ, ನನಗೆ ಆಗಲೇ ಮುಗಿದಿತ್ತು.

ಆಮೇಲೊಂದು ದಿನ ಮಾದಪ್ಪನ ಬೆಟ್ಟಕ್ಕೆ ಹೊರಟವನು ಹನೂರಿನಲ್ಲಿ ಇಳಿದು ದೊಡ್ಡಪ್ಪನ ಮನೆಗೆ ಹೋದೆ. ಹಳೇ ಪೈಲ್ವಾನರು. "ಏನೋ ಕಲ್ತಿದ್ದಿಯಂತೆ, ತೋರ್ಸ್ಲಾ ಮೊಗ" ಎಂದು ಪಂಚೆ ಎತ್ತಿ ಕಟ್ಟಿದರು. ಜಗುಲಿಯ ಮೇಲೆ ಚಾಪೆ ಹಾಸಿ, ಅಂಗಾತ ಬಿದ್ದು, ಎರಡೂ ಕಾಲೆತ್ತಿ, "ಬನ್ನಿ" ಎಂದೆ. ಅವರು ಒಂದು ಸುತ್ತು ಹಾಕಿ ನೋಡಿದರು.

"ಬಿದ್ದೋನ್ನ ಇನ್ನೇನ್ಲಾ ಬೀಳ್ಸದು?" ಎಂದು ಕಾಫಿ ಕುಡಿಯಲು ಒಳಗೆ ಹೋದರು. ನಾನು ಏಳಲು ಹೋದರೆ ಸೊಂಟ ಒಪ್ಪಲಿಲ್ಲ. ದೊಡ್ಡಮ್ಮ ಹರಳೆಣ್ಣೆ ಬಟ್ಟಲು ಹಿಡಿದು ಬಂದರು: "ಈ ಇದ್ಯೆಗೆ ತಿಂಗಳಿಗೆ ಎಷ್ಟ್ ಕೊಟ್ಟಿಯಪ್ಪ?"

ಕಾಲು ಇನ್ನೂ ಮೇಲೇ ಇದ್ದವು. ಮೊತ್ತ ಹೇಳಿದೆ. ಅವರು ಎಣ್ಣೆ ಹಚ್ಚದೆ ಒಳಗೆ ಹೋದರು.