ಸರ್ವ ಡಿಸ್ಟ್ರೋ ವಲಸಿಗರ ಅವಗಾಹನೆಗೆ

ಇವರಿಗೆ,
ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ಕೂತಿರುವ ಸಮಸ್ತ ಲಿನಕ್ಸ್ ಬಳಕೆದಾರರು.

ವಿಷಯ: ಸಿಟ್ಟಿನ ಭರದಲ್ಲಿ ಒಂದು ಲಿನಕ್ಸ್ ಡಿಸ್ಟ್ರೋ ತೊರೆದು ಇನ್ನೊಂದಕ್ಕೆ ಹೋಗುವ ಕುರಿತು.
ಉಲ್ಲೇಖ: ರಾತ್ರಿ ಅಪ್‌ಡೇಟ್ ಮುಗಿದ ಮೇಲೆ ಕಪ್ಪಗಾದ ಪರದೆ.

ಮಾನ್ಯರೇ,

ಲಿನಕ್ಸ್ ಎಂಬುದು ಒಂದು ಕರ್ನೆಲ್‌ನ ಹೆಸರು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆಯಲು ತೊಡಗಿದರು. ಮೆಮೊರಿ ಹಂಚುವುದು, ಡಿಸ್ಕ್ ಓದುವುದು, ವೈಫೈ ಚಿಪ್ಪನ್ನು ಮಾತಾಡಿಸುವುದು ಅದರ ಕೆಲಸ. ಬಳಕೆದಾರನಿಗೆ ಮುಖ ತೋರಿಸುವುದು ಅದರ ಕೆಲಸವಲ್ಲ. ಮುಖ ಬೇಕೆಂದರೆ ಗ್ನೂ ಯೋಜನೆಯ ಸಲಕರಣೆಗಳು, ಒಂದು ಪ್ಯಾಕೇಜ್ ಮ್ಯಾನೇಜರ್, ಒಂದು ಡೆಸ್ಕ್‌ಟಾಪ್, ಒಂದು ಇನ್‌ಸ್ಟಾಲರ್ ಮತ್ತು ಬೆಟ್ಟಗುಡ್ಡಗಳ ಒಂದು ವಾಲ್‌ಪೇಪರ್ ಸೇರಿಸಿ ಯಾರಾದರೂ ಕಟ್ಟಿಕೊಡಬೇಕು. ಆ ಕಟ್ಟಿಗೆ ಡಿಸ್ಟ್ರಿಬ್ಯೂಷನ್, ಬಾಯಿಮಾತಿನಲ್ಲಿ ಡಿಸ್ಟ್ರೋ, ಎಂದು ಹೆಸರು. ಡಿಸ್ಟ್ರೋ ಬದಲಾವಣೆ ಎಂದರೆ ತೊಂದರೆ ಕೊಟ್ಟ ಕರ್ನೆಲ್, ತೊಂದರೆ ಕೊಟ್ಟ ಡ್ರೈವರ್, ತೊಂದರೆ ಕೊಟ್ಟ ಲ್ಯಾಪ್‌ಟಾಪ್ ಈ ಮೂರನ್ನೂ ಹಾಗೆಯೇ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳುವ ಕ್ರಿಯೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನಿಗೆ ಕೊನೇಪಕ್ಷ ನೆಗಡಿಯ ಕಾಟವಾದರೂ ತಪ್ಪುತ್ತದೆ. ಈ ಕ್ರಿಯೆಗೆ ಇಳಿಯುವವರನ್ನು ಪತ್ರದ ಮುಂದಿನ ಭಾಗದಲ್ಲಿ ‘ವಲಸಿಗ’ ಎಂದು ಕರೆಯಲಾಗಿದೆ.

ವಲಸೆಗೆ ದೊಡ್ಡ ಪರಂಪರೆಯಿದೆ. 1992ರ ಹೊತ್ತಿಗೆ ಸಾಫ್ಟ್‌ಲ್ಯಾಂಡಿಂಗ್ ಲಿನಕ್ಸ್ ಸಿಸ್ಟಮ್, ಅಂದರೆ ಎಸ್‌ಎಲ್‌ಎಸ್, ಎಂಬ ಡಿಸ್ಟ್ರೋ ಬಳಕೆಯಲ್ಲಿತ್ತು. ಅದರಲ್ಲಿ ದೋಷಗಳು ವಿಪರೀತ. ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅದನ್ನು ತಿದ್ದುತ್ತ ಹೋಗಿ 1993ರ ಜುಲೈನಲ್ಲಿ ಸ್ಲ್ಯಾಕ್‌ವೇರ್ ಹೊರತಂದರು. ಮರು ತಿಂಗಳೇ ಇಯಾನ್ ಮರ್ಡಾಕ್, ಅದೇ ಎಸ್‌ಎಲ್‌ಎಸ್ ಮೇಲಿನ ಬೇಸರದಿಂದ, ಡೆಬಿಯನ್ ಪ್ರಕಟಿಸಿದರು. ತಮ್ಮ ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರು ಸೇರಿಸಿ ಅದಕ್ಕೆ ನಾಮಕರಣ ಮಾಡಿದರು. ಇಂದು ಚಾಲ್ತಿಯಲ್ಲಿರುವ ಅನೇಕ ಡಿಸ್ಟ್ರೋಗಳು ಹೀಗೆ ಯಾರದೋ ಸಿಟ್ಟಿನ ಸಂತಾನ. ಅಂದಿನವರು ಸಿಟ್ಟು ಬಂದರೆ ಕೋಡ್ ಬರೆಯುತ್ತಿದ್ದರು, ಇಂದಿನ ವಲಸಿಗ ಸಿಟ್ಟು ಬಂದರೆ ಇನ್ನೊಂದು ಡಿಸ್ಟ್ರೋದ ಐಎಸ್‌ಒ ಕಡತ ಡೌನ್‌ಲೋಡ್ ಮಾಡುತ್ತಾನೆ. ಎರಡನೆಯದಕ್ಕೆ ಶ್ರಮ ಕಡಿಮೆ, ಪುಣ್ಯವೂ ಕಡಿಮೆ.

ಸಿಟ್ಟಿನ ಕಾರಣಗಳಲ್ಲಿ ಡೆಸ್ಕ್‌ಟಾಪ್‌ಗೆ ಮೊದಲ ಸ್ಥಾನ. 2011ರ ಏಪ್ರಿಲ್ ಈ ದೃಷ್ಟಿಯಿಂದ ಸುವರ್ಣ ಮಾಸ. ಆ ತಿಂಗಳು ಗ್ನೋಮ್ 3 ಬಂತು, ಎಲ್ಲರಿಗೂ ರೂಢಿಯಾಗಿದ್ದ ಮೆನು, ಟಾಸ್ಕ್‌ಬಾರ್ ಮಾಯವಾದವು. ಅದೇ ತಿಂಗಳು ಉಬುಂಟು 11.04 ಯೂನಿಟಿ ಎಂಬ ಹೊಸ ಮುಖ ಹಾಕಿಕೊಂಡು ಬಂತು. ಹಳೆಯ ಗ್ನೋಮ್ 2 ಬೇಕೇ ಬೇಕೆಂದವರಿಗಾಗಿ ಮಾಟೆ ಹುಟ್ಟಿತು, ಲಿನಕ್ಸ್ ಮಿಂಟ್ ತಂಡ ಸಿನಮನ್ ಕಟ್ಟಿತು. ಕ್ಲೆಮೆಂಟ್ ಲೆಫೆವ್ರ್ 2006ರಲ್ಲಿ ಶುರುಮಾಡಿದ್ದ ಈ ಮಿಂಟ್‌ಗೆ ವಲಸಿಗರ ಸುಗ್ಗಿ. 2012ರಲ್ಲಿ ಬಂದ ಉಬುಂಟು 12.10ರಲ್ಲಿ ಇನ್ನೊಂದು ಸಂಗತಿ ನಡೆಯಿತು: ತನ್ನದೇ ಕಂಪ್ಯೂಟರಿನಲ್ಲಿ ಒಂದು ಕಡತ ಹುಡುಕಿದವನಿಗೆ ಅಮೆಜಾನ್‌ನ ಸರಕುಗಳೂ ಕಾಣಿಸತೊಡಗಿದವು. ಆಗ ಹೊರಟವರ ಸಿಟ್ಟಿಗೆ ನ್ಯಾಯವಿತ್ತು. 2017ರಲ್ಲಿ ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿ ಯೂನಿಟಿಯನ್ನೇ ಕೈಬಿಟ್ಟು ಗ್ನೋಮ್‌ಗೆ ಮರಳಿತು. ಯೂನಿಟಿ ಬೇಡವೆಂದು ಹೋಗಿದ್ದವರಲ್ಲಿ ಕೆಲವರು ವಾಪಸಾದರು. ಆರು ವರ್ಷದಲ್ಲಿ ಯೂನಿಟಿಗೆ ಒಗ್ಗಿಹೋಗಿದ್ದವರು ಅದು ಇಲ್ಲವಾಯಿತೆಂದು ಹೊರಟರು. ಬಾಗಿಲಲ್ಲಿ ಇಬ್ಬರೂ ಎದುರಾದಾಗ ಏನು ಮಾತಾಡಿಕೊಂಡರೆಂಬುದಕ್ಕೆ ದಾಖಲೆಯಿಲ್ಲ.

ಎರಡನೆಯ ಕಾರಣ ಸ್ನ್ಯಾಪ್. ಇದು ಕೆನಾನಿಕಲ್‌ನ ಪ್ಯಾಕೇಜ್ ಪದ್ಧತಿ. ಒಂದು ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳನ್ನೆಲ್ಲ ಒಂದೇ ಗಂಟಿನಲ್ಲಿ ಕೊಡುತ್ತದೆ. ಉಬುಂಟು 20.04ರಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್’ ಎಂದು ಕ್ರೋಮಿಯಂ ಕೇಳಿದರೆ ಉಬುಂಟುವಿನ ಮೂಲ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನ ಡೆಬ್ ಪ್ಯಾಕೇಜ್ ಬರುತ್ತಿರಲಿಲ್ಲ, ಸ್ನ್ಯಾಪ್ ಬರುತ್ತಿತ್ತು. 22.04ರಲ್ಲಿ ಫೈರ್‌ಫಾಕ್ಸ್‌ಗೂ ಅದೇ ಗತಿಯಾಯಿತು. ಮೊದಲ ಬಾರಿ ತೆರೆಯುವಾಗ ಅದು ನಿಧಾನ ಎಂಬುದೇ ವಲಸಿಗರ ಮುಖ್ಯ ದೂರು. ನಿಧಾನವಿದ್ದದ್ದು ನಿಜ, ಆದರೆ ಅದು ಸರಿಪಡಿಸಬಹುದಾದ ತೊಂದರೆ, ಒಂದಷ್ಟು ಸರಿಯೂ ಆಯಿತು. ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು, ಅದೂ ಕೇಳದೆಯೇ: ಸಿಟ್ಟಿಗೇಳಬೇಕಾದದ್ದು ಇದಕ್ಕೆ. ಲಿನಕ್ಸ್ ಮಿಂಟ್ ಈ ವ್ಯತ್ಯಾಸ ಅರಿತಿತ್ತು. ಅದು 2020ರಲ್ಲಿ ತನ್ನ 20ನೇ ಆವೃತ್ತಿಯೊಳಗೆ ‘ನೋಸ್ನ್ಯಾಪ್’ ಎಂಬ ಪುಟ್ಟ ಕಡತವೊಂದನ್ನಿಟ್ಟು, ಸ್ನ್ಯಾಪ್ ತಾನಾಗಿ ಒಳಬರದಂತೆ ತಡೆಯಿತು. ಬೇಕೆನ್ನುವವರು ಆ ಕಡತ ಅಳಿಸಿ ಹಾಕಿಕೊಳ್ಳಬಹುದು. ಸಿಟ್ಟನ್ನು ಇಷ್ಟು ಚೊಕ್ಕವಾಗಿ ಕಡತಕ್ಕೆ ಇಳಿಸಿದವರು ಕಡಿಮೆ.

ಮೂರನೆಯದು ಸಿಸ್ಟಂಡಿ. ಕಂಪ್ಯೂಟರ್ ಏಳುವಾಗ ಯಾವ ಸೇವೆ ಯಾವಾಗ ಶುರುವಾಗಬೇಕೆಂದು ನೋಡಿಕೊಳ್ಳುವ ಈ ತಂತ್ರಾಂಶವನ್ನು ಡೆಬಿಯನ್‌ನ ತಾಂತ್ರಿಕ ಸಮಿತಿ 2014ರ ಫೆಬ್ರವರಿಯಲ್ಲಿ, ಅಧ್ಯಕ್ಷರ ನಿರ್ಣಾಯಕ ಮತದಿಂದ, ಒಪ್ಪಿಕೊಂಡಿತು. ಒಪ್ಪದವರು ಅದೇ ವರ್ಷ ಸಿಸ್ಟಂಡಿ ಇಲ್ಲದ ಡೆವುವಾನ್ ಕಟ್ಟಲು ಹೊರಟರು, ಅದರ 1.0 ಆವೃತ್ತಿ ಬಂದದ್ದು 2017ರಲ್ಲಿ. ಉಳಿದವರು ಬೈಯುತ್ತಲೇ ಸಿಸ್ಟಂಡಿ ಬಳಸುತ್ತಿದ್ದಾರೆ, ಅವರ ಕಂಪ್ಯೂಟರ್‌ಗಳು ಸರಾಗವಾಗಿ ಏಳುತ್ತಿವೆ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಬಂದಾಗ ವಲಸಿಗನು ಡಿಸ್ಟ್ರೋವಾಚ್ ತೆರೆಯುತ್ತಾನೆ. 2001ರಿಂದ ನಡೆದುಬಂದಿರುವ ಈ ತಾಣದ ಬಲಬದಿಯ ಶ್ರೇಯಾಂಕ ಪಟ್ಟಿ, ಯಾವ ಡಿಸ್ಟ್ರೋದ ಪುಟವನ್ನು ಎಷ್ಟು ಜನ ನೋಡಿದರೆಂದು ಎಣಿಸುತ್ತದೆಯೇ ಹೊರತು ಎಷ್ಟು ಜನ ಬಳಸುತ್ತಾರೆಂದಲ್ಲ. ತಾಣದವರೇ ಅದನ್ನು ಹೇಳಿದ್ದಾರೆ. ವಲಸಿಗನು ಆ ಸಾಲನ್ನು ಓದುವುದಿಲ್ಲ. ಉಬುಂಟು ಸಾಕಾಗಿ ಮಿಂಟ್‌ಗೆ, ಅಲ್ಲಿಂದ ಝೋರಿನ್‌ಗೆ, ಅಲ್ಲಿಂದ ಪಾಪ್ ಓಎಸ್‌ಗೆ ಹೋದವನು ಲೋಕ ಸುತ್ತಿದೆನೆಂದು ತಿಳಿಯುತ್ತಾನೆ. ಮೂರರ ಬುಡದಲ್ಲೂ ಉಬುಂಟುವೇ ಇದೆ, ಉಬುಂಟುವಿನ ಬುಡದಲ್ಲಿ ಡೆಬಿಯನ್ ಇದೆ. ನಾಲ್ಕರಲ್ಲೂ ಆಪ್ಟ್ ಆದೇಶವೇ ನಡೆಯುತ್ತದೆ. ನಿಜವಾಗಿ ಬೇರೆ ಕುಲ ಬೇಕೆಂದರೆ ಡಿಎನ್‌ಎಫ್ ಬಳಸುವ ಫೆಡೋರಾ, ಝಿಪ್ಪರ್ ಬಳಸುವ ಓಪನ್‌ಸೂಸೆ, ಪ್ಯಾಕ್‌ಮ್ಯಾನ್ ಬಳಸುವ ಆರ್ಚ್ ಇವೆ. ಆರ್ಚ್ ಹಾಕಿಕೊಂಡವನು ಯಾರೂ ಕೇಳದಿದ್ದರೂ ಅದನ್ನು ಎಲ್ಲರಿಗೂ ತಿಳಿಸಬೇಕೆಂಬ ನಿಯಮ ಎಲ್ಲೂ ಬರೆದಿಲ್ಲ. ಪಾಲನೆ ಮಾತ್ರ ಕಟ್ಟುನಿಟ್ಟಾಗಿದೆ.

ಇನ್ನು ಕಾರ್ಯವಿಧಾನ. ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಬರೆಯಲು ಸುಲಭ ತಂತ್ರಾಂಶಗಳಿವೆ, ಆದರೆ ಸಿಟ್ಟಿನಲ್ಲಿರುವ ವಲಸಿಗನು ‘ಡಿಡಿ’ ಆದೇಶವನ್ನೇ ಆರಿಸಿಕೊಳ್ಳುತ್ತಾನೆ. ಅದಕ್ಕೆ ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಎಂದಷ್ಟೇ ಹೇಳಬೇಕು. ಪೆನ್‌ಡ್ರೈವ್ ‘ಎಸ್‌ಡಿಬಿ’ ಆಗಿದ್ದು, ಹಾರ್ಡ್ ಡಿಸ್ಕ್ ‘ಎಸ್‌ಡಿಎ’ ಆಗಿದ್ದು, ಬೆರಳು ಎ ಅಕ್ಷರದ ಮೇಲೆ ಬಿದ್ದರೆ ಡಿಡಿ ಮರುಮಾತಾಡದೆ ಹಾರ್ಡ್ ಡಿಸ್ಕಿನ ಮೇಲೆ ಬರೆಯುತ್ತದೆ. ಮುಗಿದ ಮೇಲೆ ಎಷ್ಟು ಬೈಟ್, ಎಷ್ಟು ಸೆಕೆಂಡು ಎಂದು ವರದಿಯನ್ನೂ ಕೊಡುತ್ತದೆ. ಹೋಮ್ ಫೋಲ್ಡರನ್ನು ಬೇರೆ ಪಾರ್ಟಿಷನ್‌ನಲ್ಲಿ ಇಟ್ಟುಕೊಂಡವರಿಗೆ ಸಾಮಾನ್ಯ ಮರುಸ್ಥಾಪನೆಯಲ್ಲಿ ಕಡತಗಳು ಉಳಿಯುತ್ತವೆ. ಈ ಡಿಡಿ ಪ್ರಕರಣದಲ್ಲಿ ಅದೂ ಉಪಯೋಗಕ್ಕೆ ಬಾರದು.

ಸ್ಥಾಪನೆಯ ನಂತರದ ಸ್ಥಿತಿ ಹಲವೊಮ್ಮೆ ಹೀಗಿರುತ್ತದೆ. ವೈಫೈ ಕಾಣುವುದಿಲ್ಲ, ಏಕೆಂದರೆ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಮುಕ್ತವಲ್ಲ. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು. ಡೆಬಿಯನ್ ಈ ಚಕ್ರವನ್ನು ಎಷ್ಟೋ ವರ್ಷ ಕಾಪಾಡಿಕೊಂಡು ಬಂದು, 2022ರಲ್ಲಿ ಮತಕ್ಕೆ ಹಾಕಿ, 2023ರ 12ನೇ ಆವೃತ್ತಿಯಿಂದ ಅಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಿತು. ಎನ್‌ವಿಡಿಯಾ ಕಾರ್ಡ್ ಇದ್ದವರ ವಿಷಯದಲ್ಲಿ ಟೋರ್ವಾಲ್ಡ್ಸ್ ಅವರೇ 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ, ಕ್ಯಾಮೆರಾದತ್ತ ಬೆರಳೊಂದನ್ನು ಎತ್ತಿ, ಅಭಿಪ್ರಾಯ ತಿಳಿಸಿದ್ದಾರೆ. ಹೆಚ್ಚಿನ ವಿವರಣೆ ಅನಗತ್ಯ.

ಕನ್ನಡ ವಲಸಿಗರಿಗೆ ಇದರ ಮೇಲೆ ಇನ್ನೊಂದು ಅಧ್ಯಾಯವಿದೆ. ಕನ್ನಡ ಟೈಪ್ ಮಾಡಲು ಐಬಸ್ ಹಾಕಬೇಕು, ಎಂ17ಎನ್ ಹಾಕಬೇಕು, ಅದರಲ್ಲಿ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಕೆಜಿಪಿ ಪೈಕಿ ಒಂದನ್ನು ಆರಿಸಬೇಕು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕೊನೆಯದೇ ಗತಿ. ಪ್ಲಾಸ್ಮಾ ಡೆಸ್ಕ್‌ಟಾಪ್‌ಗೆ ಬಂದರೆ ಐಬಸ್ ಬಿಟ್ಟು ಎಫ್‌ಸಿಐಟಿಎಕ್ಸ್ ಹಾಕಿ ಎಂಬ ಸಲಹೆ ಸಿಗುತ್ತದೆ. ಬ್ರೌಸರ್‌ನಲ್ಲಿ ಕನ್ನಡ ಮೂಡಿ, ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಕೂತು, ಗುಬ್ಬಿ, ನವಿಲು ಫಾಂಟ್‌ಗಳ ಪ್ಯಾಕೇಜ್ ಈ ಡಿಸ್ಟ್ರೋದಲ್ಲಿ ಯಾವ ಹೆಸರಿನಲ್ಲಿದೆಯೆಂದು ಹುಡುಕುವಷ್ಟರಲ್ಲಿ ಹಳೆಯ ಡಿಸ್ಟ್ರೋ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲವಲ್ಲ ಎಂಬ ಭಾವನೆ ಮೂಡುವುದು ಸಹಜ.

ಈ ಹಂತದಲ್ಲಿ ಎಚ್ಚರಿಕೆಗಳನ್ನು ಓದದಿದ್ದರೆ ಏನಾಗುತ್ತದೆಂಬುದಕ್ಕೆ 2021ರ ಒಂದು ಪ್ರಕರಣ ಪ್ರಸಿದ್ಧವಾಗಿದೆ. ಕೆನಡಾದ ಯೂಟ್ಯೂಬರ್ ಲಿನಸ್ ಸೆಬಾಸ್ಟಿಯನ್ ವಿಂಡೋಸ್ ಬಿಟ್ಟು ಕೆಲಕಾಲ ಲಿನಕ್ಸ್‌ನಲ್ಲೇ ಇರುವ ಪಂಥ ಹೂಡಿ ಪಾಪ್ ಓಎಸ್ ಹಾಕಿಕೊಂಡರು. ಆಟಗಳ ಸ್ಟೀಮ್ ತಂತ್ರಾಂಶ ಸ್ಟೋರ್‌ನಿಂದ ಬರಲಿಲ್ಲ. ಟರ್ಮಿನಲ್ ತೆರೆದು ಆಪ್ಟ್‌ಗೆ ಹೇಳಿದರು. ಪ್ಯಾಕೇಜ್‌ನಲ್ಲಿದ್ದ ತಪ್ಪಿನಿಂದಾಗಿ ಆಪ್ಟ್, ಸ್ಟೀಮ್ ಬೇಕಾದರೆ ಇಡೀ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ ಎಂದು ಉದ್ದದ ಪಟ್ಟಿ ಕೊಟ್ಟಿತು. ಇದು ಅಪಾಯಕಾರಿ, ಮುಂದುವರಿಯಬೇಕಾದರೆ ‘ಯೆಸ್, ಡೂ ಆ್ಯಸ್ ಐ ಸೇ!’ ಎಂದು ಟೈಪ್ ಮಾಡಿ ಎಂದಿತು. ಅವರು ಟೈಪ್ ಮಾಡಿದರು. ಆಪ್ಟ್ ಹೇಳಿದಂತೆ ಕೇಳಿತು. ಡೆಸ್ಕ್‌ಟಾಪ್ ಹೋಯಿತು, ಕಪ್ಪು ಪರದೆಯ ಮೇಲೆ ಲಾಗಿನ್ ಕೇಳುವ ಸಾಲು ಉಳಿಯಿತು. ಮುಂದೆ ಪ್ಯಾಕೇಜ್ ಸರಿಯಾಯಿತು, ಅಷ್ಟು ಸುಲಭವಾಗಿ ಡೆಸ್ಕ್‌ಟಾಪ್ ಕಿತ್ತೊಗೆಯಲಾಗದಂತೆ ಆಪ್ಟ್‌ನಲ್ಲೂ ತಿದ್ದುಪಡಿಯಾಯಿತು. ಸೆಬಾಸ್ಟಿಯನ್ ಮಂಜಾರೊ ಎಂಬ ಡಿಸ್ಟ್ರೋಗೆ ವಲಸೆ ಹೋದರು.

ಕಡೆಯದಾಗಿ, ಸಿಟ್ಟು ಬರುವ ಮೊದಲೇ ಡಿಸ್ಟ್ರೋವೇ ಎದ್ದುಹೋಗುವ ಸಂದರ್ಭ. ಸರ್ವರ್‌ಗಳಲ್ಲಿ ನೆಚ್ಚಿಕೊಂಡಿದ್ದ ಸೆಂಟ್‌ಓಎಸ್‌ನ 8ನೇ ಆವೃತ್ತಿ 2019ರಲ್ಲಿ ಬಂದಾಗ 2029ರವರೆಗೆ ನಿರ್ವಹಣೆ ಇರುತ್ತದೆಂಬ ಭರವಸೆಯಿತ್ತು. 2020ರ ಡಿಸೆಂಬರ್ 8ರಂದು ಹೊಸ ಪ್ರಕಟಣೆ ಬಂತು: ಅದು 2021ರ ಕೊನೆಗೇ ಮುಗಿಯುತ್ತದೆ, ಮುಂದೆ ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ. ಸೆಂಟ್‌ಓಎಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ತೀರಿಹೋದ ಸಹಸಂಸ್ಥಾಪಕನ ಹೆಸರಿನಲ್ಲಿ ರಾಕಿ ಲಿನಕ್ಸ್ ಶುರುಮಾಡಿದರು, ಕ್ಲೌಡ್‌ಲಿನಕ್ಸ್ ಕಂಪನಿ ಆಲ್ಮಾಲಿನಕ್ಸ್ ತಂದಿತು, ಸಿಸ್ಟಮ್ ಅಡ್ಮಿನ್‌ಗಳು ರಜೆ ರದ್ದುಮಾಡಿದರು. ಮುತುವರ್ಜಿಯಿಂದ 8ಕ್ಕೆ ಏರಿದವರಿಗೆ ಒಂದೇ ವರ್ಷದ ಗಡುವು. ‘ಆಮೇಲೆ ನೋಡೋಣ’ ಎಂದು 7ರಲ್ಲೇ ಕೂತಿದ್ದ ಸೋಮಾರಿಗಳ ಅವಧಿಗೆ ಯಾರೂ ಕೈಹಚ್ಚಲಿಲ್ಲ. ಅವರು 2024ರ ಜೂನ್ 30ರವರೆಗೂ ನಿಶ್ಚಿಂತೆಯಿಂದ ಇದ್ದರು.

ಪ್ರತಿಗಳು: 1. ಬ್ಯಾಕಪ್ ತೆಗೆಯದವರಿಗೆ, ವಿಶೇಷ ಗಮನಕ್ಕಾಗಿ. 2. ಕಚೇರಿ ಕಡತಕ್ಕೆ.