ಮಾಧ್ಯಮ: ಇಟ್ಟಿಗೆ, ತಗಡು, ಅಜ್ಜಿ

ಕೋಲಾರದ ಕಡೆಯಿಂದ ಬೆಂಗಳೂರಿಗೆ ದಿನಬೆಳಗಾದರೆ ಹೋಗುವ ಸರಕಿನಲ್ಲಿ ಹಾಲಿದೆ, ಟೊಮೆಟೊ ಇದೆ, ಮಾಲೂರಿನ ಇಟ್ಟಿಗೆ ಇದೆ, ಕಾಲ ಬಂದರೆ ಶ್ರೀನಿವಾಸಪುರದ ಮಾವಿದೆ, ವರ್ಷವಿಡೀ ಆಳುಗಳಿದ್ದಾರೆ. ಈಚೆಗೆ ಈ ಪಟ್ಟಿಗೆ ನೆನಪು ಸೇರಿದೆ. ಟೊಮೆಟೊಗಾದರೆ ಮಂಡಿ ಇದೆ. ಹರಾಜು ಕೂಗುವವನಿದ್ದಾನೆ, ಕಮಿಷನ್ ಹಿಡಿಯುವವನಿದ್ದಾನೆ, 2023ರ ಜುಲೈಯಂಥ ತಿಂಗಳು ಬಂದರೆ 15 ಕಿಲೋ ಬಾಕ್ಸು ಎರಡು ಸಾವಿರ ದಾಟುವುದೂ ಉಂಟು. ನೆನಪಿಗೆ ಮಂಡಿ ಇಲ್ಲ. ಮನೆ ಬಾಗಿಲಲ್ಲೇ, ಪುಕ್ಕಟೆಯಾಗಿ, ಮೊಬೈಲಿಗೆ ತುಂಬಿಕೊಂಡು ಹೋಗುತ್ತಾರೆ. ಮಳೆ ಬಾರದಿದ್ದರೂ ಬೆಳೆಯುವ, ಸಾವಿರದೈನೂರು ಅಡಿ ಬೋರು ಕೊರೆಸದೆ ಕೈಗೆ ಸಿಗುವ ಈ ಏಕೈಕ ಬೆಳೆಯನ್ನು ನಮ್ಮ ಜನ ದರ ಕೇಳದೆ ಕೊಡುತ್ತಿರುವುದು ತೋಟಗಾರಿಕೆ ಇಲಾಖೆಯ ಗಮನಕ್ಕೆ ಇನ್ನೂ ಬಂದಿಲ್ಲ.

ಒಯ್ಯುವವರು ಮಿಶ್ರಮಾಧ್ಯಮ ಕಲಾವಿದರು. ಯಾರೋ ಒಬ್ಬರ ಮೇಲೆ ನನಗೆ ಸಿಟ್ಟಿಲ್ಲ, ಇದೊಂದು ತಳಿಯ ಮಾತು. ಗುರುತು ಹಿಡಿಯುವುದು ಸುಲಭ: ಬಾಯಿ ತೆರೆದರೆ ವಲಸೆ, ನೆನಪು, ಅಸ್ಮಿತೆ ಎಂಬ ಮೂರು ಪದ ಬೀಳುತ್ತವೆ. ಚುನಾವಣೆ ಬಂದರೆ ಪಕ್ಷದ ಮುಖಂಡರು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಗಣಪನಿಗೆ ಕೈಮುಗಿದೇ ಪ್ರಚಾರಕ್ಕೆ ಇಳಿಯುವ ಹಾಗೆ, ಇವರು ಈ ಮೂರು ಪದಕ್ಕೆ ಕೈಮುಗಿಯದೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ.

ಮೊದಲು ಇವರ ಕಾರು ನೆಟ್ಟಗೆ ಹೋಗುತ್ತಿದ್ದದ್ದು ಕೆಜಿಎಫ್‌ಗೆ. ಹೋಗಬೇಕಾದ ಜಾಗವೇ ಅದು. 1880ರಿಂದಾಚೆಗೆ ಜಾನ್ ಟೇಲರ್ ಕಂಪನಿ ಗಣಿ ಕೊರೆಸಿತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಜನ ಬಂದು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಮೂರು ಪದಗಳೂ ಒಂದೇ ಕಡೆ, ಪಾರ್ಕಿಂಗ್ ಸಮೇತ. ಆದರೆ 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಸಿನಿಮಾ ಆ ಊರಿನ ಸೈನೈಡ್ ದಿಬ್ಬಗಳನ್ನು ಎಷ್ಟು ಪ್ರಸಿದ್ಧ ಮಾಡಿತೆಂದರೆ, ಈಗ ದಿಬ್ಬ ಹತ್ತಿದವರನ್ನೆಲ್ಲ ಊರವರು ರೀಲ್ಸ್ ಮಾಡುವವರು ಎಂದೇ ತಿಳಿಯುತ್ತಾರೆ. ಗಂಭೀರ ಕಲಾವಿದರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಕೆಜಿಎಫ್‌ನಿಂದ ಹೊರಡುವ ಮೊದಲು ಅವರು ಗಣಿ ಕಾರ್ಮಿಕರ ಮನೆಯವರಿಂದ ಹೆಬ್ಬೆಟ್ಟಿನ ಗುರುತು ಒತ್ತಿಸಿಕೊಂಡು ಹೋದದ್ದನ್ನು ಮಾತ್ರ ಹೇಳಲೇಬೇಕು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಪದ್ಧತಿ ಬಂದಾಗ ಅದೇ ಗಣಿಯ ಸಾವಿರಾರು ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ನಮ್ಮ ಬೆರಳು, ನಿಮ್ಮ ರಿಜಿಸ್ಟರಿಗೆ ಯಾಕೆ ಎಂಬುದು ಅವರ ತಕರಾರು. ಅವರ ಮರಿಮಕ್ಕಳು ಇವತ್ತು ಕ್ಯಾನ್ವಾಸಿನ ಮೇಲೆ ಕುಂಕುಮದಲ್ಲಿ ಅದ್ದಿದ ಹೆಬ್ಬೆಟ್ಟನ್ನು ನಗುನಗುತ್ತ ಒತ್ತಿಕೊಡುತ್ತಾರೆ. ಕಂಪನಿಯವರಿಗೆ ಬುದ್ಧಿ ಸಾಲದಾಯಿತು. ‘ಸಮುದಾಯ ಸಹಭಾಗಿತ್ವದ ಕಲಾಕೃತಿ’ ಎಂದು ಬೋರ್ಡು ಹಾಕಿದ್ದರೆ ಮುಷ್ಕರವೇ ಆಗುತ್ತಿರಲಿಲ್ಲ.

ಅಲ್ಲಿಂದ ಮಾಲೂರು. ಇಟ್ಟಿಗೆ, ಹೆಂಚಿನ ಊರು. ಒಡೆದ ಇಟ್ಟಿಗೆ ಅಸ್ಮಿತೆ, ಅರೆಬೆಂದದ್ದು ನೆನಪು, ಲಾರಿ ಹತ್ತಿದ್ದು ವಲಸೆ. ಚೆನ್ನಾಗಿ ಬೆಂದ ಇಟ್ಟಿಗೆಯಿಂದ ಕಲೆಗೆ ಪ್ರಯೋಜನವಿಲ್ಲ, ಅದರಿಂದ ಮನೆ ಮಾತ್ರ ಕಟ್ಟಬಹುದು. ಗೂಡಿನ ಹತ್ತಿರ ಹೊರರಾಜ್ಯದಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವನೊಬ್ಬ ಮಣ್ಣು ಕಲಸುತ್ತಿರುತ್ತಾನೆ. ಮುಂಗಡ ಈಸಿಕೊಂಡಾಗಿದೆ, ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ. ‘ಮನೆ ಎಂದರೆ ನಿನ್ನೊಳಗೆ ಯಾವ ಚಿತ್ರ ಮೂಡುತ್ತದೆ?’ ಎಂದು ಕಲಾವಿದರು ಹಿಂದಿಯಲ್ಲಿ ಕೇಳುತ್ತಾರೆ. ಅವನು ಎದುರಿಗಿದ್ದ ತಗಡಿನ ಗುಡಿಸಲನ್ನು ತೋರಿಸುತ್ತಾನೆ. ಅವರಿಗೆ ರೋಮಾಂಚನ. ‘ಆ ತಗಡು ಕೊಡ್ತೀಯಾ?’ ‘ಮಳೆಗಾಲ ಮುಗೀಲಿ ಸಾಬ್’ ಎನ್ನುತ್ತಾನೆ. ಈ ಮಾತನ್ನು ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ತಾತ್ಕಾಲಿಕತೆಯ ಕಾವ್ಯ’ ಎಂದು ಬರೆದುಕೊಳ್ಳುತ್ತಾರೆ. ತಗಡನ್ನು ಕೊನೆಗೆ ಗುಜರಿಯಲ್ಲಿ ಕೊಳ್ಳುತ್ತಾರೆ. ಗುಜರಿಯವನು ಮಾತ್ರ ತೂಕ ಹಾಕಿ ಕಾಸು ಎಣಿಸಿಕೊಂಡೇ ಕೊಟ್ಟ. ಈ ಇಡೀ ಪ್ರಕರಣದಲ್ಲಿ ನ್ಯಾಯವಾದ ಬೆಲೆ ಸಿಕ್ಕವನು ಅವನೊಬ್ಬನೇ.

ಮುಳಬಾಗಿಲಿನಲ್ಲಿ ಒಂದು ತೊಡಕು. ಅಲ್ಲಿ ಅಸ್ಮಿತೆಯ ಬಿಕ್ಕಟ್ಟು ಹುಡುಕಿದರೆ ಸಿಗುವುದಿಲ್ಲ. ಮನೆಯಲ್ಲಿ ತೆಲುಗು, ಇಸ್ಕೂಲಿನಲ್ಲಿ ಕನ್ನಡ, ಮಂಡಿಯಲ್ಲಿ ಉರ್ದು, ಕೆಜಿಎಫ್‌ನ ಷಡ್ಡಕನ ಹತ್ತಿರ ತಮಿಳು. ನಾಲ್ಕು ಭಾಷೆಯಲ್ಲಿ ಸಾಲ ಕೇಳಬಲ್ಲವನಿಗೆ ಬಿಕ್ಕಟ್ಟು ಸಾಲದ್ದು, ಭಾಷೆಯದ್ದಲ್ಲ. ಡಿವಿಜಿ ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ, 1887ರಲ್ಲಿ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದಲ್ಲಿ ಬರೆದು ಜ್ಞಾನಪೀಠ ತಂದರು. ತಮ್ಮ ದ್ವಿಭಾಷಾ ಯಾತನೆಯನ್ನು ಕುರಿತು ಹರಿದ ಸೀರೆಗೆ ಕೆಂಪು ದಾರ ಹೊಲಿದು ಗೋಡೆಗೆ ನೇತುಹಾಕಿದ ದಾಖಲೆ ಇಬ್ಬರದೂ ಸಿಕ್ಕಿಲ್ಲ.

ಆದರೂ ಒಬ್ಬ ಅಜ್ಜಿ ಸಿಕ್ಕರು. ಜಗಲಿಯ ಮೇಲೆ ಕೂತಿದ್ದರು, ಮುಖದಲ್ಲಿ ಬೇಕಾದಷ್ಟು ಸುಕ್ಕು, ಹಿನ್ನೆಲೆಯಲ್ಲಿ ಸುಣ್ಣ ಉದುರಿದ ಗೋಡೆ. ‘ಅಜ್ಜೀ, ಬಿಟ್ಟುಬಂದ ಊರಿನ ಬಗ್ಗೆ ಹೇಳಿ’ ಎಂದರು. ‘ಯಾವ ಊರು ಬಿಟ್ಟುಬಂದೆ ನಾನು? ಬಿಟ್ಟುಹೋದೋರು ಮಕ್ಕಳು. ಅದಿರಲಿ, ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ, ಅದನ್ನ ಬರ್ಕೊಳಮ್ಮ ಮೊದ್ಲು. ನೀನು ತಾಲ್ಲೂಕಾಪೀಸಿನೋಳು ತಾನೆ?’ ಎಂದರು ಅಜ್ಜಿ. ಅರ್ಧ ತೆಲುಗಿನಲ್ಲಿ ತಹಶೀಲ್ದಾರರ ಕಚೇರಿಗೆ ಎರಡು ಬೈಗುಳವನ್ನೂ ಸೇರಿಸಿ, ಕಡೆಗೊಂದು ನಿಟ್ಟುಸಿರು ಬಿಟ್ಟರು. ಎಡಿಟಿಂಗಿನಲ್ಲಿ ಪಿಂಚಣಿ ಹೋಯಿತು, ಬೈಗುಳ ಹೋಯಿತು, ನಿಟ್ಟುಸಿರು ಉಳಿಯಿತು. ನಿಟ್ಟುಸಿರಿಗೆ ಸಬ್‌ಟೈಟಲ್ ಬೇಕಿಲ್ಲ, ಬರ್ಲಿನ್ನಿನಲ್ಲೂ ಅರ್ಥವಾಗುತ್ತದೆ.

ಮುಂದಿನದು ಬೆಂಗಳೂರಿನ ಗ್ಯಾಲರಿ. ಬಿಳಿ ಗೋಡೆ, ತಣ್ಣನೆ ಗಾಳಿ, ಮೂಲೆಯಲ್ಲಿ ಮಾಲೂರಿನ ಇಟ್ಟಿಗೆಯ ರಾಶಿ, ಅದರ ಮೇಲೆ ತಗಡು, ತಗಡಿನೊಳಗೆ ಸ್ಪೀಕರು, ಸ್ಪೀಕರಿನೊಳಗೆ ನಿಟ್ಟುಸಿರು. ಪಕ್ಕದಲ್ಲಿ ಪುಟ್ಟ ಚೀಟಿ:

‘ಶೀರ್ಷಿಕೆರಹಿತ (ಮನೆ/ಮನೆಯಲ್ಲ). ಮಾಧ್ಯಮ: ಇಟ್ಟಿಗೆ, ತುಕ್ಕು ಹಿಡಿದ ತಗಡು, ಹಳೆ ಸೀರೆ, ಮುಳಬಾಗಿಲಿನ ಅಜ್ಜಿ (ಧ್ವನಿ, ಪುನರಾವರ್ತನೆ).’

ನಾನು ನಿಂತದ್ದು ಈ ಚೀಟಿಯ ಮುಂದೆ. ಕಲಾಕೃತಿಯ ಮುಂದೆ ಅಷ್ಟು ಹೊತ್ತು ನಿಲ್ಲುವಂಥದ್ದೇನೂ ಇರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಕಲಾವಿದರ ಹೆಸರಿದೆ. ಕೆಳಗೆ ಧನಸಹಾಯ ಮಾಡಿದವರ ಲಾಂಛನವಿದೆ. ನಡುವೆ ಅಜ್ಜಿ, ತಗಡು ಮತ್ತು ಹಳೆ ಸೀರೆಯ ಸಾಲಿನಲ್ಲಿ. ಇಟ್ಟಿಗೆ ಕೊಯ್ದವನು ಇಟ್ಟಿಗೆಯೊಳಗೇ ಸೇರಿಹೋಗಿದ್ದಾನೆ. ಮನುಷ್ಯರು ಇಲ್ಲಿ ಎಣ್ಣೆಬಣ್ಣದ ಹಾಗೆ, ಅಕ್ರಿಲಿಕ್ಕಿನ ಹಾಗೆ ಒಂದು ಮಾಧ್ಯಮ. ಅಕಾರಾದಿಯಲ್ಲಿ ಬರೆದಿದ್ದರೆ ಅಜ್ಜಿಗೆ ಮೊದಲ ಸ್ಥಾನವಾದರೂ ಸಿಗುತ್ತಿತ್ತು, ಅದೂ ಇಲ್ಲ.

ಹಾಗೆಂದು ಎಲ್ಲರನ್ನೂ ಒಂದೇ ಗೂಡಿಗೆ ಹಾಕಿ ಸುಡಲಾಗದು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2012ರ ಮೊದಲ ಕೊಚ್ಚಿ ಬಿನಾಲೆಗೆ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ಬೆಂಗಳೂರಿನ ಒರಳುಕಲ್ಲುಗಳನ್ನು ಒಯ್ದರು. ಮಿಕ್ಸಿ ಬಂತು, ಹಳೆ ಮನೆ ಬಿತ್ತು, ಅಪಾರ್ಟ್‌ಮೆಂಟ್ ಎದ್ದಿತು. ಒಡೆಯಲು ಮನಸ್ಸಿಲ್ಲದೆ, ಇಟ್ಟುಕೊಳ್ಳಲು ಜಾಗವಿಲ್ಲದೆ ಜನ ಬೀದಿಗಿಟ್ಟ ಕಲ್ಲುಗಳು. ನೂರಕ್ಕೂ ಹೆಚ್ಚು ಕಲ್ಲು ಸಮುದ್ರದ ದಂಡೆಯ ಹಳೇ ಮಸಾಲೆ ವ್ಯಾಪಾರದ ಕಟ್ಟಡದಲ್ಲಿ ಸುಮ್ಮನೆ ಕೂತವು. ಯಾರ ನಿಟ್ಟುಸಿರನ್ನೂ ಕೇಳಿಸಲಿಲ್ಲ, ಕಲ್ಲಿಗೆ ದಾರ ಸುತ್ತಲಿಲ್ಲ. ಕೋಲಾರ ಚಿನ್ನದಷ್ಟೇ ಭಾರದ ಕೆಲಸ ಅದು. ಅವರು ಸಗಣಿ, ಡಾಂಬರು ಡ್ರಮ್ಮು, ತಲೆಗೂದಲಿನ ಹಗ್ಗ ಬಳಸಿದಾಗಲೂ ಅಷ್ಟೆ. ವಸ್ತು ತಾನೇ ಮಾತಾಡಲಿ ಎಂದು ಬಿಟ್ಟುಕೊಡುವ ಸಂಯಮ. ಅನಾಹುತವಾದದ್ದು ಆಮೇಲೆ. ಒರಳುಕಲ್ಲು ಕಂಡರೆ ಸಾಕು, ಕಲಾಶಾಲೆಯಿಂದ ಆಚೆ ಬಂದ ಹುಡುಗರಿಗೆ ವಲಸೆ ನೆನಪಾಗತೊಡಗಿತು. ಸಂಯಮವನ್ನು ಮಾತ್ರ ಯಾರೂ ನಕಲು ಹೊಡೆಯಲಿಲ್ಲ, ಅದಕ್ಕೆ ಲೋಡಿಂಗ್ ಖರ್ಚು ಇಲ್ಲದಿದ್ದರೂ.

ಕಲ್ಲಿನ ಮಾತು ಬಂದರೆ ಶಿವಾರಪಟ್ಟಣ ಬಿಡುವ ಹಾಗಿಲ್ಲ. ಮಾಲೂರು ತಾಲ್ಲೂಕಿನ ಈ ಊರಿನ ಶಿಲ್ಪಿಗಳ ಉಳಿಯಿಂದ ಎದ್ದ ದೇವರು ಹೊರರಾಜ್ಯಕ್ಕೆ, ಹೊರದೇಶಕ್ಕೆ ವಲಸೆ ಹೋಗುತ್ತಾರೆ. ಅಲ್ಲಿಯ ದೇವಸ್ಥಾನಗಳಲ್ಲಿ ಅನಿವಾಸಿಗಳ ನೆನಪನ್ನೂ ಅಸ್ಮಿತೆಯನ್ನೂ ಕಾಪಾಡಿಕೊಂಡು ನಿಂತಿದ್ದಾರೆ. ಮೂರು ಪದಗಳನ್ನೂ ತಲೆಮಾರುಗಳಿಂದ ಕಿಲೋಮೀಟರ್ ಲೆಕ್ಕದಲ್ಲಿ ಸಾಧಿಸಿದ ಈ ಜನಕ್ಕೆ ‘ನಿಮ್ಮ ಕಲಾಭ್ಯಾಸದ ಬಗ್ಗೆ ಹೇಳಿ’ ಎಂದರೆ, ‘ಎಷ್ಟಡಿ ಬೇಕು ಸ್ವಾಮಿ? ಕೂತಿರೋದೋ ನಿಂತಿರೋದೋ?’ ಎಂದು ಕೇಳುತ್ತಾರೆ. ಮೂರ್ತಿಯ ಪಕ್ಕದಲ್ಲಿ ಚೀಟಿ ಇರುವುದಿಲ್ಲ. ದಾನಿಗಳ ಹೆಸರು ಗೋಡೆಯ ಮೇಲಿರುತ್ತದೆ, ಅದು ಎಲ್ಲ ಕಡೆಯೂ ಒಂದೇ.

ಇನ್ನು ನಿಜವಾದ ವಲಸೆ ನೋಡಬೇಕೆಂದರೆ ಬೆಳಗಿನ ಜಾವ ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಡುವ ಸ್ವರ್ಣ ರೈಲು ಹತ್ತಬೇಕು. ಬಂಗಾರಪೇಟೆಯಿಂದ ಮುಂದಿನದು 1864ರಲ್ಲಿ ಹಾಕಿದ ಜೋಲಾರಪೇಟೆ ದಾರಿ. ಬಂಗಾರಪೇಟೆ, ಟೇಕಲ್, ಮಾಲೂರು ದಾಟುವ ಹೊತ್ತಿಗೆ ಒಂಟಿ ಕಾಲಿಗೂ ಜಾಗವಿರುವುದಿಲ್ಲ. ಸೆಕ್ಯುರಿಟಿ ಗಾರ್ಡು, ಗಾರ್ಮೆಂಟ್ಸ್ ಹುಡುಗಿ, ಆಸ್ಪತ್ರೆಯ ಆಯಾ, ಬ್ಯಾಂಕಿನ ಗುಮಾಸ್ತ. ಆದರೆ ಇವರಿಂದ ಕಲೆಗೆ ಉಪಯೋಗವಿಲ್ಲ, ಏಕೆಂದರೆ ಇವರು ರಾತ್ರಿ ವಾಪಸು ಬಂದುಬಿಡುತ್ತಾರೆ. ವಲಸೆ ಅನ್ನಿಸಿಕೊಳ್ಳಬೇಕಾದರೆ ವಾಪಸು ಬರಬಾರದು. ಬಂದರೆ ಅದು ಸೀಸನ್ ಟಿಕೆಟ್. ಹಾಗೆ ನೋಡಿದರೆ ಬೆಂಗಳೂರು ಇಷ್ಟೆಲ್ಲ ತೆಗೆದುಕೊಂಡು ಈ ಜಿಲ್ಲೆಗೆ ವಾಪಸು ಕಳಿಸಿದ್ದು ಎರಡನ್ನು. ಒಂದು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಪೈಪಿನಲ್ಲಿ ಬರುವ ಸಂಸ್ಕರಿಸಿದ ಕೊಳಚೆ ನೀರು. ಇನ್ನೊಂದು, ಈ ಕಲಾವಿದರು. ನೀರು ಮೊದಲ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎಬ್ಬಿಸಿ ಕೋರ್ಟು ಕಂಡು ಬಂತು. ಕಲಾವಿದರ ನೊರೆಗೆ ಇನ್ನೂ ಯಾರೂ ತಡೆಯಾಜ್ಞೆ ತಂದಿಲ್ಲ.

ಶ್ರೀನಿವಾಸಪುರಕ್ಕೆ ಅವರು ಹೋಗಲೇ ಇಲ್ಲ. ಹೋಗಬೇಕಾಗಿದ್ದದ್ದು 2025ರ ಜೂನ್ ತಿಂಗಳಲ್ಲಿ. ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಒಳಗೆ ಬರಬಾರದು ಎಂದು ಗಡಿಯಲ್ಲಿ ಕಾವಲು ಹಾಕಿತು. ಮರಗಳು ಈ ಕಡೆ, ರಸ ತೆಗೆಯುವ ಫ್ಯಾಕ್ಟರಿಗಳು ಆ ಕಡೆ. ಮರಕ್ಕೆ ಗಡಿ ಗೊತ್ತಿಲ್ಲ, ಕಾಯಿಗೆ ಗೊತ್ತಾಯಿತು. ಆಂಧ್ರದ ಕಡೆ ತೋತಾಪುರಿಗೆ ಕಲೆಕ್ಟರ್ ಎಂದೂ ಕರೆಯುತ್ತಾರೆ. ಹೀಗೆ ಕಲೆಕ್ಟರರ ಆದೇಶದ ಮೇಲೆ ಕಲೆಕ್ಟರನ್ನೇ ಚೆಕ್‌ಪೋಸ್ಟಿನಲ್ಲಿ ತಡೆದು ಊರು ಯಾವುದೆಂದು ವಿಚಾರಿಸಲಾಯಿತು. ನಮ್ಮ ಮುಖ್ಯಮಂತ್ರಿಗಳು ಅವರ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಗಡಿ, ಗುರುತು, ತಡೆಹಿಡಿದ ಪಯಣ, ಎಲ್ಲವೂ ಟನ್ನುಗಟ್ಟಲೆ ಲಾರಿಯಲ್ಲಿ ಕೂತಿತ್ತು. ಕಲಾವಿದರೊಬ್ಬರೂ ಬಂದು ಇಣುಕಿದ್ದು ಕಂಡಿಲ್ಲ. ಕಾರಣ ಊಹಿಸಬಹುದು: ಕೊಳೆತ ಮಾವು ವಾಸನೆ ಹೊಡೆಯುತ್ತದೆ, ಗ್ಯಾಲರಿಯ ಏಸಿಗೆ ಆಗುವುದಿಲ್ಲ. ಮೇಲಾಗಿ ಮಾವಿನ ರೈತ ನಿಟ್ಟುಸಿರು ಬಿಡುವುದಿಲ್ಲ, ರಸ್ತೆ ತಡೆ ಮಾಡುತ್ತಾನೆ.

ಈ ನಡುವೆ ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಎಂಬುದೊಂದು ನಡೆಯುತ್ತದೆ. ಊರ ಜನ ನೆಲದ ಮೇಲೆ ಕೂರುತ್ತಾರೆ, ಊರ ಜನವೇ ಹಾಡುತ್ತಾರೆ, ಕುಣಿಯುತ್ತಾರೆ. ಅಲ್ಲಿ ಅಜ್ಜಿಯರು ಮಾಧ್ಯಮವಲ್ಲ, ಕಲಾವಿದರು. ಬಹುಶಃ ಅದಕ್ಕೇ ಬಿನಾಲೆಯವರಿಗೆ ಆ ಬೆಟ್ಟದ ದಾರಿ ಕಡಿದಾಗಿ ಕಾಣಿಸುತ್ತದೆ.

ಗ್ಯಾಲರಿಯ ಪ್ರದರ್ಶನ ಮುಗಿದಿದೆ. ಮುಂದಿನ ಹಂತಕ್ಕೆ ಧನಸಹಾಯ ಕೋರುವ ಅರ್ಜಿ ಸಿದ್ಧವಾಗುತ್ತಿದೆಯಂತೆ. ಖರ್ಚಿನ ಪಟ್ಟಿಯಲ್ಲಿ ಕ್ಯುರೇಟರ್ ಶುಲ್ಕ, ವಿಮಾನದ ಟಿಕೆಟ್ಟು, ಇಟ್ಟಿಗೆಗೆ ವಿಮೆ, ತುಕ್ಕು ಇನ್ನಷ್ಟು ಹೆಚ್ಚದಂತೆ ತಗಡಿಗೆ ರಾಸಾಯನಿಕ ಲೇಪ, ಎಲ್ಲಕ್ಕೂ ಬೇರೆ ಬೇರೆ ಸಾಲು. ಕಟ್ಟಕಡೆಯ ಸಾಲು: ‘ಸ್ಥಳೀಯ ಸಮುದಾಯದ ಸಹಭಾಗಿತ್ವ: ಟೀ, ಬನ್ನು (ಬಿಲ್ ಲಗತ್ತಿಸಿದೆ)’. ಬಿಲ್ಲು ಬಿಳಿ ಹಾಳೆಯಲ್ಲಿ ಕೈಬರಹದಲ್ಲಿದೆ, ಅಂಗಡಿಯ ಜಿಎಸ್‌ಟಿ ನಂಬರು ಇಲ್ಲ ಎಂದು ಲೆಕ್ಕ ವಿಭಾಗದವರು ಆ ಒಂದು ಸಾಲಿಗೆ ಮಾತ್ರ ಆಕ್ಷೇಪಣೆ ಹಾಕಿ ಹಿಂದಕ್ಕೆ ಕಳಿಸಿದ್ದಾರೆ.