ನಮ್ಮ ಟಾಮಿ ಏನೂ ಮಾಡಲ್ಲ ಬನ್ನಿ

ಗಂಡು ನೋಡುವಾಗ ಕುಡಿಯುತ್ತಾನೆಯೇ, ಸಾಲಸೋಲ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ನಾಯಿ ಕಂಡರೆ ಓಡುತ್ತಾನೆಯೇ ಎಂದು ಯಾವ ಮಾವನಾದರೂ ಕೇಳಿದ್ದುಂಟೇ? ನಮ್ಮಪ್ಪನೂ ಕೇಳಲಿಲ್ಲ. ಜೋಯಿಸರು ಮಾತ್ರ ಬೆರಳು ಮಡಚಿ, "ಹುಡುಗನದು ಆರಿದ್ರಾ, ಶ್ವಾನಯೋನಿ. ಹುಡುಗಿಯದು ಪುನರ್ವಸು, ಮಾರ್ಜಾಲ. ನಾಯಿಗೆ ವೈರಿ ಜಿಂಕೆ, ಬೆಕ್ಕಿಗೆ ವೈರಿ ಇಲಿ. ಧಾರಾಳವಾಗಿ ಮಾಡಿ" ಎಂದು ಎಲೆ ಅಡಿಕೆ ಹಾಕಿಕೊಂಡರು. ವರನೇ ತನ್ನ ಪಾಲಿನ ಪ್ರಾಣಿಗೆ ಹೆದರಿದರೆ ಎಷ್ಟು ಗುಣ ಕಳೆಯಬೇಕೋ, ಪಂಚಾಂಗದಲ್ಲಿ ಬರೆದಿಲ್ಲ.

ನಮ್ಮ ಮನೆಯವರು ಸಾಮಾನ್ಯ ಆಸಾಮಿಯಲ್ಲ. ಬ್ಯಾಂಕಿನಲ್ಲಿ ಸಾಲ ವಸೂಲಿ ಅಧಿಕಾರಿ. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಎಂಥ ಸುಸ್ತಿದಾರನೂ ಕಂತು ಕಟ್ಟಿಬಿಡುತ್ತಾನೆ. ಅದೇ ಮನುಷ್ಯ, ಮೊಣಕಾಲೆತ್ತರವೂ ಇಲ್ಲದ ಪಮೇರಿಯನ್ ಎದುರು ಬಂದರೆ ನನ್ನ ಸೆರಗಿನ ಹಿಂದೆ! (ಹೆಸರು ಹೇಳುವುದಿಲ್ಲ. ಸುದ್ದಿ ಹಬ್ಬಿದರೆ ಊರಿನ ಸುಸ್ತಿದಾರರೆಲ್ಲ ಗೇಟಿಗೊಂದು ನಾಯಿ ಸಾಕಿಯಾರು.)

ಬೀಜ ಬಿತ್ತಿದ್ದು ನಮ್ಮತ್ತೆ. "ನಾಯಿ ಹತ್ತಿರ ಹೋಗಬೇಡ, ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂದು ತುತ್ತಿಗೊಮ್ಮೆ ಹೇಳಿ ಬೆಳೆಸಿದರಂತೆ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೆ ದೇಶದಲ್ಲೇ ನಿಂತುಹೋಯಿತು. ಈಗ ತೋಳಿಗೆ ಚುಚ್ಚುತ್ತಾರೆ. ಯಾವ್ಯಾವ ದಿನ ಎಂದು ಇವರನ್ನು ನಿದ್ದೆಗಣ್ಣಲ್ಲಿ ಕೇಳಿದರೂ 0, 3, 7, 14, 28 ಎಂದು ಒಪ್ಪಿಸುತ್ತಾರೆ. ಮದುವೆಯ ದಿನ ಯಾವುದು ಎಂದು ಕೇಳಿ ನೋಡಿ, ಕ್ಯಾಲೆಂಡರ್ ಹುಡುಕುತ್ತಾರೆ.

ಹೀಗಾಗಿ ಮಂತ್ರಿಗಳ ಕಾರಿನ ಮುಂದಿನ ಪೈಲಟ್ ಜೀಪಿನಂತೆ ಎಲ್ಲಿಗೆ ಹೋದರೂ ನಾನು ಮುಂದೆ. ಹೊರಡುವ ಮೊದಲೇ ಫೋನು: "ನಾಯಿ ಕಟ್ಟಿದ್ದೀರಾ?" ಅಲ್ಲಿಂದ ಬರುವ ಉತ್ತರ ಒಂದೇ: "ಅಯ್ಯೋ, ನಮ್ಮ ಟಾಮಿ ಏನೂ ಮಾಡಲ್ಲ ಬನ್ನಿ! ಸುಮ್ಮನೆ ಮೂಸುತ್ತೆ ಅಷ್ಟೇ." ನಿಜ ಹೇಳಲೇ, ನನಗೆ ಟಾಮಿಗಿಂತ ಈ ಮಾತು ಆಡುವವರ ಮೇಲೇ ಸಿಟ್ಟು. ಕಟ್ಟಿ ಎಂದರೆ ಸ್ವಂತ ಮಗನನ್ನೇ ಕಟ್ಟಲು ಹೇಳಿದ ಹಾಗೆ ಮುಖ ಊದಿಸುತ್ತಾರೆ. ಮೂಸುವಷ್ಟರಲ್ಲಿ ನಮ್ಮವರ ಅರ್ಧ ಜೀವ ಹೋಗಿರುತ್ತದೆ. ಬೆಕ್ಕಿನ ಮನೆಯ ಕಥೆ ಇನ್ನೂ ಚೆಂದ. ದಿಟ್ಟಿಸಿ ನೋಡುವವರು ಬೆಕ್ಕಿಗೆ ಆಗಿಬರುವುದಿಲ್ಲ. ಮುದ್ದು ಮಾಡಲು ಕಾದಿರುವವರನ್ನೆಲ್ಲ ಬಿಟ್ಟು, ಕಣ್ಣು ಮುಚ್ಚಿ ಕೂತ ಇವರ ತೊಡೆಗೇ ಬರುತ್ತದೆ. ಜನ್ಮದಲ್ಲಿ ಯೋಗಾಸನ ಮಾಡದವರು ಸೋಫಾದ ಮೇಲೆ ತಕ್ಷಣ ಪದ್ಮಾಸನ ಹಾಕುತ್ತಾರೆ.

ನಗಬೇಡಿ. ಗೇಲಿ ಮಾಡುವ ಹಕ್ಕು ನನ್ನೊಬ್ಬಳದು, ಅದೂ ಮನೆ ಬಾಗಿಲು ಹಾಕಿಕೊಂಡ ಮೇಲೆ. ಬೇರೆಯವರು ನಕ್ಕರೆ ಮಾರ್ಜಾಲ ಪರಚುತ್ತದೆ. "ಭಾವಾ, ಒಂದು ಸಲ ಮುಟ್ಟಿದರೆ ಎಲ್ಲಾ ಸರಿಹೋಗುತ್ತೆ" ಎಂದು ಮರಿ ಹಿಡಿದು ಬಂದ ನನ್ನ ತಮ್ಮನಿಗೆ ಕಾಫಿಯನ್ನೂ ಕೊಡದೆ ಕಳಿಸಿದ್ದೇನೆ. ಅದು ಬರೀ ನಾಯಿ, ಏನೂ ಮಾಡುವುದಿಲ್ಲ ಎಂದು ಇವರಿಗೇನು ಗೊತ್ತಿಲ್ಲವೇ? ತಲೆಗೆ ಗೊತ್ತು, ಕಾಲು ಕೇಳುವುದಿಲ್ಲ.

ಇಂಥ ಭಯವನ್ನು ಕಲಿಸಲೂಬಹುದು, ಬಿಡಿಸಲೂಬಹುದು. ಅಮೆರಿಕದಲ್ಲಿ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ ಮಹಾನುಭಾವ, ಹಸುಗೂಸೊಂದು ಬಿಳಿ ಇಲಿ ಮುಟ್ಟಹೋದಾಗಲೆಲ್ಲ ಬೆನ್ನ ಹಿಂದೆ ಉಕ್ಕಿನ ಸರಳು ಬಡಿದು ಭಯ ಕಲಿಸಿದನಂತೆ, 1920ರಲ್ಲಿ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟಾಣಿಯ ಭಯ ಬಿಡಿಸಿದ ಬಗೆಯನ್ನು ಬರೆದಳು. ಅವನು ತಿಂಡಿ ತಿನ್ನುವಾಗ ಮೊಲವನ್ನು ಮೊದಲು ದೂರದಲ್ಲಿಟ್ಟು, ಬರುಬರುತ್ತಾ ಹತ್ತಿರ ತಂದಳು. (ಹೆದರಿಸಿದ್ದು ಗಂಡಸು, ಬಿಡಿಸಿದ್ದು ಹೆಂಗಸು. ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ.) ಇಂದಿನ ಮನೋವೈದ್ಯರೂ ಬಹುಮಟ್ಟಿಗೆ ಇದೇ ದಾರಿ ಹಿಡಿಯುತ್ತಾರೆ: ಮೊದಲು ಚಿತ್ರ, ಆಮೇಲೆ ದೂರದ ನಾಯಿ, ಆಮೇಲೆ ಹತ್ತಿರದ್ದು, ಹೆದರುವವರು ಹೂಂ ಎಂದರೆ ಮಾತ್ರ ಮುಂದಿನ ಮೆಟ್ಟಿಲು.

ವೈದ್ಯರ ಹತ್ತಿರ ಹೋಗೋಣವೆಂದರೆ, "ಮೊದಲು ಮನೆಮದ್ದು ನೋಡೋಣ" ಎಂದರು. ಸರಿ, ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೈಗೆ ನಿಪ್ಪಟ್ಟಿನ ತಟ್ಟೆ ಕೊಟ್ಟೆ. ಕೆಳಗೆ ಎದುರುಮನೆಯ ಲ್ಯಾಬ್ರಡಾರ್ ವಾಕಿಂಗ್ ಹೊರಡುತ್ತದೆ, ಇವರು ಮೇಲಿಂದ ನೋಡುತ್ತಾ ಕುರುಕುರು ತಿನ್ನುತ್ತಾರೆ. ಡಬ್ಬಿಗಳು ಖಾಲಿಯಾದವೇ ಹೊರತು ಕುರ್ಚಿ ಬಾಲ್ಕನಿಯಿಂದ ಕೆಳಗಿಳಿದಿಲ್ಲ. ನಿನ್ನೆ, "ಸಾಕು, ಇನ್ನು ಗೇಟಿನ ತನಕ ಇಳಿಯಿರಿ" ಎಂದೆ.

"ಇಷ್ಟು ಬೇಗ ಮೆಟ್ಟಿಲು ಹಾರಬಾರದು ಕಣೇ. ನಾಳೆಯಿಂದ ಚಕ್ಕುಲಿ ಕೊಟ್ಟು ನೋಡು."